ಅಟ್ಟದ ಮೇಲಿನ ಬರ್ಗಂಡಿ

ಮೊನ್ನೆ ಕೊಬ್ಬರಿ ಚೀಲದ ಹೊಲಿಗೆ ಬಿಚ್ಚಿದೊಡನೆ ಹೊರಬಂದ ಒಣನಾರು, ಸಿಹಿ ಎಣ್ಣೆಗಳ ವಾಸನೆ ನನ್ನನ್ನು ತಿಪಟೂರಿನ ಪಕ್ಕದ ಮನೆಯ ಅಟ್ಟಕ್ಕೆ ಏರಿಸಿತು. ಕೊಬ್ಬರಿ ವ್ಯಾಪಾರಿಯ ಆ ಮನೆಯ ಸೊಸೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಆಗ ನಾನು ಕಾಲೇಜಿನ ಚರ್ಚಾಪಟು. ಮಾತಿನಿಂದಲೇ ಸಮಾಜವನ್ನು ತಿದ್ದಬಹುದೆಂದು ನಂಬಿದ್ದ ಹುಡುಗಿ.

ಉಂಡೆಕೊಬ್ಬರಿಗೆ ಆತುರ ಸಲ್ಲದು. ಕಾಯಿ ವರ್ಷದ ಹತ್ತಿರ ಅಟ್ಟದ ಕತ್ತಲಲ್ಲಿ ಕೂತು, ಒಳಗಿನ ನೀರು ಇಂಗಿ, ಅಲುಗಿಸಿದರೆ ಗಡಗಡ ಎನ್ನಬೇಕು. ಅಕ್ಕನೂ ಆ ಮನೆಯಲ್ಲಿ ಹಾಗೆಯೇ ಕೂತಿದ್ದರು... ವಾರಕ್ಕೊಮ್ಮೆ ಲೈಬ್ರರಿಗೆ ಹೋಗುವುದಷ್ಟೇ ಅವರ ಹೊರಸಂಚಾರ. ಅಲ್ಲಿ ಅವರಿಗೆ ವೈನಿಗೆ ಹೆಸರಾದ ಫ್ರಾನ್ಸಿನ ಬರ್ಗಂಡಿ ಸೀಮೆಯ ಚಿತ್ರಪುಸ್ತಕ ಸಿಕ್ಕಿತ್ತು. ಅದನ್ನು ಮನೆಗೆ ತಂದು, ಅಟ್ಟದ ಮೇಲೆ ಕೂತು ನನಗೆ ತೋರಿಸಿದ್ದರು.

"ಕೆಂಪು ವೈನಿಗೆ ಅಲ್ಲಿ ಹೆಚ್ಚುಕಮ್ಮಿ ಒಂದೇ ಜಾತಿ ದ್ರಾಕ್ಷಿ ಕಣೇ. ಆದ್ರೂ ದಿಬ್ಬದ ನಡುವೆ ಬೆಳೆದಿದ್ದಕ್ಕೆ ಒಂದು ಹೆಸರು, ಕಾಲುದಾರಿ ದಾಟಿದ್ರೆ ಇನ್ನೊಂದು. ಸುಣ್ಣಕಲ್ಲು, ಇಳಿಜಾರು, ಬೆಳಗಿನ ಬಿಸಿಲು ಎಲ್ಲಾ ಲೆಕ್ಕಕ್ಕೆ ಬತ್ತದೆ. ನಮ್ಮ ಹಂದನಕೆರೆ ತೋಟಕ್ಕೆ ಯಾಕೆ ಹೆಸರಿಲ್ಲ?"

"ಕುಡಿಯೋರ ಬುದ್ಧಿ ನಮಗ್ಯಾಕಕ್ಕಾ?"

"ಬಾಟ್ಲಿ ನೋಡ್ಬೇಡ, ಮಣ್ಣು ನೋಡು. ಭಾಷಣ ಮಾಡೋರಿಗೆ ಕಿವಿನೇ ಇರಲ್ಲ!" ಅಕ್ಕ ನಕ್ಕಿದ್ದರು.

ಮಾವನವರನ್ನು ಒಪ್ಪಿಸಿ, ಎರಡು ತೋಟಗಳ ಕಾಯಿ ಬೆರೆಯದಂತೆ ಅವರು ಅಟ್ಟವನ್ನು ಬಿದಿರ ತಡಿಕೆಯಿಂದ ಇಬ್ಭಾಗಿಸಿದರು. ತೊಲೆಯ ಮೇಲೆ ಸೀಮೆಸುಣ್ಣದ ಬರಹ: 'ಕೆರೆ ಕೆಳಗಿನದು', 'ಕೆಂಪುಮಣ್ಣಿನದು'. ವರ್ಷ ತುಂಬಿದ ಮೇಲೆ ಎರಡನ್ನೂ ಬೆರೆಸದೆ, ತೋಟದ ಹೆಸರಿನಲ್ಲೇ ಮಾರುಕಟ್ಟೆಗೆ ಇಳಿಸಬೇಕೆಂಬುದು ಅವರ ಆಸೆ. ಆ ಮನೆಯಲ್ಲಿ ಅವರು ಕೇಳಿ ಪಡೆದದ್ದು ಅದೊಂದೇ.

ವರ್ಷ ತುಂಬಲು ಇನ್ನೆರಡು ತಿಂಗಳು ಉಳಿದಿತ್ತು. ಕಾಲೇಜಿನಲ್ಲಿ ಪಾನನಿಷೇಧದ ಕುರಿತ ಚರ್ಚಾಸ್ಪರ್ಧೆ ನಡೆಯಿತು. ಎದುರಾಳಿಯ ವಾದ ಗೆಲ್ಲುತ್ತಿದ್ದಂತೆ ನನ್ನ ಬಾಯಿಂದ ಉದಾಹರಣೆಯೊಂದು ಹೊರಟೇಹೋಯಿತು: "ಲಿಂಗಪೂಜೆ ನಡೆಯುವ ನನ್ನ ಪಕ್ಕದ ಮನೆಯ ಅಟ್ಟಕ್ಕೂ ಇಂದು ಮದ್ಯದ ಪುಸ್ತಕ ಏರಿದೆ!" ಚಪ್ಪಾಳೆ ಮೊಳಗಿತು. ಮುಂದಿನ ಸಾಲಿನಲ್ಲಿ ಕೊಬ್ಬರಿ ಮಂಡಿಯವರು ಕೂತಿದ್ದರು. ಕಪ್ ನನಗೇ ಬಂತು.

ಮರುದಿನ ಮಾವನವರೇ ಪುಸ್ತಕವನ್ನು ಹಿಂದಿರುಗಿಸಿದರು. ಗದರಲಿಲ್ಲ. "ಮಂಡಿಲಿ ಆಡ್ಕೋತಾವ್ರೆ ಕಣಮ್ಮ. ಲೈಬ್ರರಿ ಬುಡು, ಪೇಪರ್ ಮನೆಗೇ ತರುಸ್ತೀನಿ" ಎಂದರಂತೆ. ಬೈದಿದ್ದರೆ ಎದುರು ವಾದಿಸಬಹುದಿತ್ತು. ಆ ಮೃದುತ್ವಕ್ಕೆ ಒಳಗಿನಿಂದ ತೆಗೆಯಬಹುದಾದ ಅಗುಳಿ ಇರಲಿಲ್ಲ. ಅದೇ ದಿನ ತಡಿಕೆಯನ್ನೂ ಕೀಳಿಸಿದರು. ಎರಡು ರಾಶಿ ಉರುಳಿ ಒಂದಾಯಿತು.

ಕ್ಷಮೆ ಕೇಳಲು ಏಣಿ ಹತ್ತಿದೆ. ಅಕ್ಕ ರಾಶಿಯ ನಡುವೆ ಕೂತಿದ್ದರು.

"ಕಪ್ ಎಷ್ಟು ದೊಡ್ಡದು ಕಣೇ?"

ಕೈಯಲ್ಲಿ ಅಳತೆ ತೋರಿಸಿದೆ.

"ಚೆನ್ನಾಗದೆ ಬುಡು" ಎಂದು ಅವರು ಒಂದು ಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಬಲಕ್ಕಿಟ್ಟರು. ಇನ್ನೊಂದನ್ನು ಎಡಕ್ಕೆ. ಮೂರನೆಯದನ್ನು ಅಲುಗಿಸುತ್ತಲೇ ಇದ್ದರು...

"ಯಾವ ತೋಟದ್ದು ಅಂತ ಗೊತ್ತಾಯ್ತದಾ ಅಕ್ಕಾ?"

ಅಕ್ಕ ಮೂರನ್ನೂ ಮತ್ತೆ ರಾಶಿಗೇ ಸೇರಿಸಿದರು.

ಆಮೇಲೆ ಹೆಣ್ಣಿನ ಬಿಡುಗಡೆಯ ಬಗ್ಗೆ ಎಷ್ಟೋ ವೇದಿಕೆಗಳಲ್ಲಿ ಮಾತನಾಡಿದ್ದೇನೆ. ಅಂದು ಅಟ್ಟದ ಮೇಲೆ ಆಡಬೇಕಿದ್ದ ಒಂದು ವಾಕ್ಯವನ್ನು ಮಾತ್ರ ಕೊನೆಗೂ ಆಡಲಿಲ್ಲ. ಈಗ ಅಕ್ಕ ಇಲ್ಲ.

ಮೊನ್ನೆ ಚೀಲದಿಂದ ಒಂದು ಕೊಬ್ಬರಿ ತೆಗೆದು, ಯಾವ ತೋಟದ್ದೋ ಎಂದು ಕಿವಿಯ ಬಳಿ ಹಿಡಿದು ಅಲುಗಿಸಿದೆ. ಚಿಪ್ಪು ಕಳಚಿದ ಮೇಲೆ ಅದು ಸದ್ದು ಮಾಡುವುದಿಲ್ಲವೆಂಬುದು ಮರೆತೇ ಹೋಗಿತ್ತು.