ಬಿಸಿ ಬಾನೆಟ್ಟು

ಜೇನುಪೆಟ್ಟಿಗೆಗಳನ್ನು ಸಾಕುತ್ತಿದ್ದ ಆ ಹೆಂಗಸನ್ನು ಎಲ್ಲರೂ ಜೇನಕ್ಕ ಎನ್ನುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಅವಳಷ್ಟು ನಂಬಿದವರಿರಲಿಲ್ಲ. ಅಂಥವಳು ಹಳೆಯ ಫೋರ್‌ವೀಲ್ ಡ್ರೈವ್ ಪಿಕಪ್ ಕೊಳ್ಳಲು ಮೈದುನನನ್ನು ಕರೆದುಕೊಂಡು ಗಾರೆ ಮೇಸ್ತ್ರಿಯೊಬ್ಬನ ಮನೆಗೆ ಹೋದಳು.

ತೊಳೆದಿಟ್ಟ ಗಾಡಿ ಫಳಫಳ ಹೊಳೆಯುತ್ತಿತ್ತು. ಮೈದುನ ನೋಡಿದೊಡನೆ ಮರುಳಾದ. ಜೇನಕ್ಕ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಬಿಸಿಯಿತ್ತು.

"ನಾವು ಬರೋಕ್ಮುಂಚೇನೇ ಸ್ಟಾರ್ಟ್ ಮಾಡಿದ್ರಾ ಮೇಸ್ತ್ರಿ?"

"ಅಂಗಡಿಗೆ ಹೋಗಿದ್ದೆ ಕಣಮ್ಮ."

"ಅಂಗಡಿ ನಿಮ್ಮ ಮನೆ ಎದುರಿಗೇ ಇದೆಯಲ್ಲ."

ಮೇಸ್ತ್ರಿ ಕೆಮ್ಮಿದ. ಅವಳು ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದಳು. ಅಡಿಯ ಚಾಸಿ ಚೌಕಟ್ಟಿಗೆ ಬಳಿದಿದ್ದ ಹೊಸ ಬಣ್ಣವನ್ನು ತನ್ನ ಮನೆಯ ಬೀಗದ ಕೈಯಿಂದ ಕೆರೆದಳು, ಒಳಗೆ ತುಕ್ಕಿರಲಿಲ್ಲ. ಪಕ್ಕದ ಕೆಸರಿಗಿಳಿಸಿ ಓಡಿಸಿದಳು. ನಾಲ್ಕೂ ಚಕ್ರ ಎಳೆದು ಗಾಡಿ ಸಲೀಸಾಗಿ ಮೇಲೆ ಬಂತು.

"ಎಲ್ಲಾ ಸರಿಯಾಗಿದೆಯಲ್ಲ ಅತ್ತಿಗೆ," ಎಂದ ಮೈದುನ.

"ಅದೇ ನನಗೆ ಭಯ."

ಅವಳು ಇಂಜಿನ್ ನಿಲ್ಲಿಸಿ, ಗಾಡಿಯ ಕೀಲಿಯನ್ನು ಮೇಸ್ತ್ರಿಗೆ ಕೊಟ್ಟು ಜಗಲಿಯ ಮೇಲೆ ಕೂತುಬಿಟ್ಟಳು. "ಇದು ತಣ್ಣಗಾಗೋವರೆಗೂ ನಾನು ಏಳಲ್ಲ."

ನೀರು ತಂದುಕೊಟ್ಟ ಮೇಸ್ತ್ರಿಯ ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿದಳು. ಅವನು ತಲೆ ಕೆರೆದುಕೊಂಡು ಕೊನೆಗೆ ಬಾಯಿಬಿಟ್ಟ.

"ತಣ್ಣಗಿದ್ರೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತಮ್ಮ. ಬೆಳಿಗ್ಗೆ ಇಳಿಜಾರಲ್ಲಿ ತಳ್ಳಿಸಿ ಸ್ಟಾರ್ಟ್ ಮಾಡ್ದೆ."

ಜೇನಕ್ಕನ ಮುಖ ಆಗ ಸಡಿಲವಾಯಿತು. ಇಳಿಜಾರಿಗೇನು ಬರವೇ, ಅವಳ ಮನೆಯಿದ್ದದ್ದೇ ಗುಡ್ಡದ ನೆತ್ತಿಯಲ್ಲಿ. "ಮೊದಲೇ ಹೇಳಿದ್ರೆ ನನ್ನ ಬಟ್ಟೆ ಕೊಳೆಯಾಗ್ತಿರಲಿಲ್ಲ," ಎಂದು ಗಾಡಿಯ ಕೀಲಿಗೆ ಕೈಚಾಚಿದಳು.

ವ್ಯಾಪಾರ ಕುದುರಿತು. ಮೈದುನ ಸಿಳ್ಳೆ ಹಾಕುತ್ತ ಗಾಡಿ ಓಡಿಸಿದ. ಪಕ್ಕದಲ್ಲಿ ಜೇನಕ್ಕ ಪ್ರತಿ ಸದ್ದಿಗೂ ಕಿವಿ ನಿಮಿರಿಸಿಕೊಂಡೇ ಕೂತಿದ್ದಳು.