ಚಾಲಕನಿಲ್ಲದ ಕಾರಿಗೆ ಬ್ರೇಕ್ ಕೂರಿಸುವ ಡೆಲ್ಫಿನಾ

ಬೆಳಗಿನ ಐದೂಮುಕ್ಕಾಲು. ಮನೆಗಾಡಿ ಶಿಬಿರದ ಮೂವತ್ತೊಂದನೇ ಜಾಗದಲ್ಲಿ ನಿಂತ ಕಾರಿನ ಪೆಡಲುಗಳ ಬಳಿ ತಲೆ ತೂರಿಸಿ ಡೆಲ್ಫಿನಾ ಬಾಕಾ ಮೊಣಕಾಲೂರಿದ್ದಾರೆ. ಹೊರಗಿನವರಿಗೆ ಕಾಣುವುದು ಸವೆದ ಬೂಟುಗಳು, ಹಿಂಜೇಬಿನಿಂದ ಇಣುಕುವ ಟಾರ್ಚು ಅಷ್ಟೆ. ಮಾರ್ಚ್ ತಿಂಗಳ ಕೊನೆಯ ವಾರ. ಅರಿಜೋನಾದ ಈ ಮರುಭೂಮಿಯಲ್ಲಿ ಚಳಿಗಾಲ ಕಳೆದ ಮನೆಗಾಡಿಗಳು ಬಿಸಿಲು ಏರುವ ಮೊದಲು ಉತ್ತರಕ್ಕೆ ಹೊರಡುತ್ತಿವೆ. ಮುಂದೆ ಬಸ್ಸಿನಷ್ಟು ಉದ್ದದ ಮನೆ, ಹಿಂದೆ, ತಲುಪಿದ ಊರಲ್ಲಿ ಓಡಾಡಲೆಂದು ಕಬ್ಬಿಣದ ತೋಳಿಗೆ ಕಟ್ಟಿದ ಖಾಲಿ ಕಾರು. ಮುಂದಿನವರು ಬ್ರೇಕ್ ಒತ್ತಿದಾಗ ಹಿಂದಿನ ಕಾರಿನಲ್ಲೂ ಒತ್ತುವ ಕಾಲೊಂದು ಬೇಕಲ್ಲ. ಆ ಕಾಲನ್ನು ಕೂರಿಸುವುದೇ ಡೆಲ್ಫಿನಾ ಅವರ ಕೆಲಸ.

ಆ ಕಾಲು ಎಂದರೆ ಬಿಸ್ಕತ್ತಿನ ಡಬ್ಬದಷ್ಟು ದೊಡ್ಡ ಪೆಟ್ಟಿಗೆ. ಸೀಟಿಗೆ ಬೆನ್ನು ಕೊಟ್ಟು ಕೂರುತ್ತದೆ, ತನ್ನ ತೋಳಿನಿಂದ ಬ್ರೇಕ್ ಪೆಡಲ್ ಹಿಡಿದುಕೊಳ್ಳುತ್ತದೆ. ಮನೆಗಾಡಿ ನಿಧಾನವಾದರೆ ಪೆಡಲ್ ಅದುಮುತ್ತದೆ. ಜತೆಗೆ ಕಾರಿನಿಂದ ಮನೆಗಾಡಿಗೆ ಕಟ್ಟುವ ಒಂದು ಅಪಾಯದ ತಂತಿ. ಕಾರೇನಾದರೂ ಕಳಚಿಕೊಂಡರೆ ಆ ತಂತಿ ಒಂದು ಪಿನ್ನನ್ನು ಕಿತ್ತು, ಕಾರು ತಾನಾಗಿಯೇ ನಿಲ್ಲುವಂತೆ ಮಾಡುತ್ತದೆ. ಈ ವಾರ ಡೆಲ್ಫಿನಾ ದಿನಕ್ಕೆ ಹತ್ತು ಹನ್ನೊಂದು ಗಾಡಿ ನೋಡುತ್ತಿದ್ದಾರೆ. ವಯಸ್ಸು ಅರವತ್ತಮೂರು, ಎಡ ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಒಂಬತ್ತು ಚಳಿಗಾಲದಿಂದ ನಾನು ಅವರ ನೆರೆಯವನು. ಈ ಶಿಬಿರದಲ್ಲಿ ಸೂರ್ಯಾಸ್ತದ ಫೋಟೊ ತೆಗೆಯದವರಿಲ್ಲ, ಡೆಲ್ಫಿನಾರ ಫೋಟೊ ತೆಗೆದವರನ್ನು ನಾನು ಕಂಡಿಲ್ಲ. ನನಗೆ ಇದು ಸಿಟ್ಟು ತರಿಸುತ್ತದೆ, ಅವರಿಗೆ ನಗು ಬರುತ್ತದೆ.

ಇವತ್ತಿನ ಗಾಡಿ ಹೊಕೆನ್‌ಸನ್ ದಂಪತಿಯದು. ಹನ್ನೆರಡು ವರ್ಷ ಗಾಡಿ ಓಡಿಸಿದ್ದು ಗಂಡ ಮರ್ಲ್. ಜನವರಿಯಲ್ಲಿ ಕಣ್ಣಿನ ಆಪರೇಷನ್ ಆದ ಮೇಲೆ ಅವರು ಸ್ಟೀರಿಂಗ್ ಮುಟ್ಟುವಂತಿಲ್ಲ. ಈಗ ಓಡಿಸಬೇಕಾದವರು ಎಪ್ಪತ್ತೊಂದರ ಹೆಂಡತಿ ಆರ್ಡಿಸ್. ಎರಡು ವಾರ ಖಾಲಿ ಮೈದಾನದಲ್ಲಿ ಸುತ್ತು ಹೊಡೆದು ಕಲಿತಿದ್ದಾರೆ. ದಾರಿಯಲ್ಲಿ ಏಳು ಮೈಲಿಯ ಇಳಿಜಾರಿದೆ. ಅದನ್ನು ಇಳಿಸಲಾಗದಿದ್ದರೆ ಗಾಡಿ ಇಲ್ಲೇ ಮಾರಾಟ, ಮಗಳ ಮನೆಯ ನೆಲಮಾಳಿಗೆಯಲ್ಲಿ ವಾಸ. ಬೇರೆ ಮನೆ ಅವರಿಗಿಲ್ಲ.

ಮರ್ಲ್‌ಗೆ ಪೆಟ್ಟಿಗೆ ಕಂಡರೆ ಅಸಡ್ಡೆ. ಮಡಚುವ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತು, "ಈ ಡಬ್ಬ ಇಲ್ದೇನೆ ಹನ್ನೆರಡು ವರ್ಷ ಇಳಿಸಿದೀನಿ ನಾನು" ಎನ್ನುತ್ತಾರೆ.

"ಇಳಿಸಿದೀಯ ಮರ್ಲ್, ಯಾರು ಇಲ್ಲ ಅಂದ್ರು? ಅಷ್ಟರಲ್ಲಿ ಮೂರು ಸಲ ನಿನ್ನ ಗಾಡಿ ಬ್ರೇಕು ಸುಟ್ಟು ಕರಕಲಾಗಿತ್ತು. ಬದಲಾಯಿಸಿದ್ದು ನಾನು" ಎಂದು ಕಾರಿನೊಳಗಿಂದಲೇ ಉತ್ತರ ಬರುತ್ತದೆ. ಒಂದೂವರೆ ಟನ್ ಕಾರು ಬೆನ್ನಿಗೆ ಬಿದ್ದು ನೂಕುತ್ತಿದ್ದರೆ ಮುಂದಿನ ಬ್ರೇಕು ಎಷ್ಟು ಹೊತ್ತು ತಡೆದೀತು ಎಂಬುದು ಅವರ ಪ್ರಶ್ನೆ. ಮರ್ಲ್ ಕಾಫಿ ಕುಡಿಯುತ್ತಾರೆ.

ಡೆಲ್ಫಿನಾ ಇಪ್ಪತ್ತೆರಡು ವರ್ಷ ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ಬ್ರೇಕ್ ರಿಪೇರಿ ಮಾಡಿದವರು. ಅಲ್ಲಿ ಇದ್ದ ಒಬ್ಬಳೇ ಹೆಂಗಸು, ಹಾಗಾಗಿ ಬಸ್ಸಿನಡಿ ಮಲಗುವ ಕೊಳಕು ಕೆಲಸವೆಲ್ಲ ಇವರ ಪಾಲಿಗೆ. ನಿವೃತ್ತಿಯಾದ ವರ್ಷ ಗಂಡ ಅನ್ಸೆಲ್ಮೊ ಜತೆ ಸ್ವಂತ ಗಾಡಿಯಲ್ಲಿ ಹೊರಟರು. ಒಂದು ತಿರುವಿನಲ್ಲಿ, ಕಬ್ಬಿಣದ ತೋಳು ಸಿಕ್ಕಿಸಲೆಂದು ಮನೆಗಾಡಿಯ ಹಿಂಬದಿಗೆ ತೂರಿಸಿದ್ದ ಕೊಂಡಿಯ ತುಂಡು ಕಳಚಿತು. ಅಪಾಯದ ತಂತಿಯನ್ನು ಅದೇ ತುಂಡಿಗೆ ಕಟ್ಟಲಾಗಿತ್ತು. ಕಾರು, ಕೊಂಡಿ, ತಂತಿ ಮೂರೂ ಒಟ್ಟಿಗೆ ಹೋದವು, ಪಿನ್ ಕಿತ್ತು ಬರಲೇ ಇಲ್ಲ. ಖಾಲಿ ಕಾರು ಎದುರಿನ ಸಾಲು ದಾಟಿ ಒಣ ಹಳ್ಳಕ್ಕೆ ಇಳಿಯಿತು. ಮಕ್ಕಳಿದ್ದ ವ್ಯಾನೊಂದು ಅದೇ ತಾನೇ ಹಾದುಹೋಗಿತ್ತು.

"ಕಟ್ಟಿದ್ದು ನಾನೇ" ಎನ್ನುತ್ತಾರೆ. "ಅನ್ಸೆಲ್ಮೊ ಪಕ್ಕದಲ್ಲಿ ನಿಂತು ನೋಡ್ತಿದ್ದ. ನಾನು ಬ್ರೇಕಿನವಳು ಅಂತ ಅವನು ಕೇಳ್ಲಿಲ್ಲ. ಕೇಳಿದ್ರೆ ನಂಗೆ ಹೊಳೀತಿತ್ತು."

ಅಂದಿನಿಂದ ಅವರದೊಂದು ಪದ್ಧತಿ. ಎಲ್ಲ ಜೋಡಿಸಿ ತೋರಿಸುತ್ತಾರೆ. ಆಮೇಲೆ ತಾವೇ ಎಲ್ಲ ಬಿಚ್ಚಿ, ಕೈಗಳನ್ನು ಜೇಬಿಗೆ ಹಾಕಿ ನಿಂತುಬಿಡುತ್ತಾರೆ. ಗಾಡಿ ಓಡಿಸುವವರೇ ಮೊದಲಿನಿಂದ ಜೋಡಿಸಬೇಕು. ಬೈದುಕೊಂಡು ಹೋದವರಿದ್ದಾರೆ. ಅವರಿಗಾಗಿ ಡೆಲ್ಫಿನಾರ ಕೈ ಜೇಬಿನಿಂದ ಹೊರಬಂದದ್ದನ್ನು ನಾನು ನೋಡಿಲ್ಲ.

ಆರ್ಡಿಸ್ ಶುರು ಮಾಡುತ್ತಾರೆ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಕೆಳಗೆ, ಸ್ಟೀರಿಂಗ್ ಬೀಗ ಬೀಳದ ಹಾಗೆ ಕೀಲಿ. ಎಂಜಿನ್ ಆರಿಸಿ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುವವರೆಗೆ ಐದಾರು ಸಲ ತುಳಿಯುತ್ತಾರೆ. ಬ್ರೇಕಿನಲ್ಲಿ ಉಳಿದ ಒತ್ತಡವನ್ನು ಹಾಗೆ ಖಾಲಿ ಮಾಡದಿದ್ದರೆ ಪೆಟ್ಟಿಗೆಯ ಲೆಕ್ಕ ತಪ್ಪುತ್ತದೆ. ಪೆಟ್ಟಿಗೆ ಇಟ್ಟು, ತೋಳು ಸಿಕ್ಕಿಸಿ, ಸೀಟು ಮುಂದೆ ಸರಿಸುತ್ತಾರೆ. ಪೆಡಲ್ ಒತ್ತಿಹೋಗಿಲ್ಲವೆಂದು ಬಗ್ಗಿ ನೋಡುತ್ತಾರೆ. ಕೊನೆಗೆ ಅಪಾಯದ ತಂತಿ ಎಳೆದು ತಂದು, ಕೈಗೆ ಸುಲಭವಾಗಿ ಸಿಕ್ಕ ಕೊಂಡಿಯ ತುಂಡಿಗೇ ಸಿಕ್ಕಿಸುತ್ತಾರೆ.

"ಆರ್ಡಿಸ್, ಈ ತುಂಡೇ ಬಿದ್ದೋದ್ರೆ?" ಡೆಲ್ಫಿನಾ ಕೇಳುವುದು ಅಷ್ಟೇ.

ಆರ್ಡಿಸ್ ತುಂಡನ್ನು ಅಲ್ಲಾಡಿಸಿ ನೋಡುತ್ತಾರೆ. ಕುರ್ಚಿಯಿಂದ ಏಳಹೊರಟ ಗಂಡನಿಗೆ ಕೂತಿರಲು ಹೇಳುತ್ತಾರೆ. ತಂತಿ ಬಿಚ್ಚಿ, ಗಾಡಿಯಡಿಗೆ ಬಗ್ಗಿ, ಮನೆಗಾಡಿಯ ಚೌಕಟ್ಟಿನಲ್ಲೇ ಇರುವ ಉಕ್ಕಿನ ಬಳೆಗೆ ಸಿಕ್ಕಿಸುತ್ತಾರೆ. ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಉಳಿಯಿತೇ ಎಂದು ಎಳೆದು ನೋಡುತ್ತಾರೆ. ನಂತರ ಪರೀಕ್ಷೆ. ಆರ್ಡಿಸ್ ತಮ್ಮ ಕೈಯಾರೆ ಪಿನ್ ಕಿತ್ತು, ಹೋಗಿ ಗಾಡಿಯನ್ನು ಒಂದು ಮಾರು ಮುಂದೆ ಬಿಡುತ್ತಾರೆ. ಕಾರಿನ ಚಕ್ರಗಳು ಉರುಳದೆ ಜಲ್ಲಿಯಲ್ಲಿ ಗೀರು ಹಾಕುತ್ತವೆ. ಮನೆಗಾಡಿಯ ಡ್ಯಾಶ್‌ಬೋರ್ಡಿನಲ್ಲಿ, ಕಾರಿನ ಬ್ರೇಕ್ ಬಿದ್ದಿದೆ ಎನ್ನುವ ಕೆಂಪು ದೀಪ ಹೊತ್ತುತ್ತದೆ, ಪಿನ್ ಮರಳಿ ಹಾಕಿದಾಗ ಆರುತ್ತದೆ. ಮರ್ಲ್ ಕುರ್ಚಿ ಮಡಚುತ್ತಾರೆ.

ಎಂಟು ಗಂಟೆಗೆ ಗಾಡಿ ಗೇಟು ದಾಟುತ್ತದೆ. ಡೆಲ್ಫಿನಾ ಮುಂದಿನ ಗಾಡಿಯಡಿ ಮಲಗುತ್ತಾರೆ. ಹತ್ತೂವರೆಗೆ ಹಸಿಮೆಣಸಿನಕಾಯಿ ತುಂಬಿದ ಬರಿಟೋ ರೊಟ್ಟಿಯ ಪೊಟ್ಟಣ ಬಿಚ್ಚಿ, ಎರಡು ತುತ್ತು ತಿಂದು, ಮತ್ತೆ ಸುತ್ತಿಡುತ್ತಾರೆ. ಇಷ್ಟು ಹೊತ್ತಿಗೆ ಇಳಿಜಾರು ಮುಗಿದಿರಬೇಕು ಎಂದು ನಾನು ಹೇಳಿದರೆ, ಗೊತ್ತು ಎಂದಷ್ಟೇ ಅನ್ನುತ್ತಾರೆ. ಅವರು ಹೆದರಿದ್ದನ್ನು ನಾನು ಮೊದಲ ಬಾರಿ ಕಂಡದ್ದು ಆಗಲೇ.

ಹನ್ನೊಂದಕ್ಕೆ ಫೋನ್. ಡೆಲ್ಫಿನಾ ಎದ್ದು ನಿಂತು ಕೇಳಿಸಿಕೊಳ್ಳುತ್ತಾರೆ. ಹೂಂ, ಹೂಂ ಎನ್ನುತ್ತಾರೆ. ಫೋನ್ ಇಡುತ್ತಾರೆ. ಇಳಿದರಂತೆಯೇ ಎಂದು ಕೇಳುತ್ತೇನೆ.

"ಇಳಿದು ಗಾಡಿ ನಿಲ್ಸಿದ್ಲಂತೆ. ಹಿಂದೆ ಹೋಗಿ ಕಾರಿನ ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡಿದ್ಲಂತೆ, ಬ್ರೇಕ್ ಕಚ್ಕೊಂಡು ಬಿಸಿಯಾಗಿದ್ಯಾ ಅಂತ. ಬೆಚ್ಚಗಷ್ಟೇ ಇದೆ, ಹೊರಡ್ಲಾ ಅಂತ ಕೇಳಿದ್ಲು." ಡೆಲ್ಫಿನಾ ಕೈ ಒರೆಸಿಕೊಂಡು ಟಾರ್ಚು ಎತ್ತಿಕೊಳ್ಳುತ್ತಾರೆ. "ಅವಸರದಲ್ಲಿ ಅದನ್ನ ನಾನು ಹೇಳಿಕೊಡೋದೇ ಮರ್ತಿದ್ದೆ."