ಶೇವಂತಕ್ಕನ ಗಂಟು

ಅವರ್ಸಾದ ಶೇವಂತಕ್ಕನಿಗೆ ಅರವತ್ತು ದಾಟಿದ ಮೇಲೆ ಕಸೂತಿಯ ಹುಚ್ಚು ಹಿಡಿಯಿತು. ಈಗ ಆ ಮನೆಯಲ್ಲಿ ಬೋಳು ಬಟ್ಟೆ ಎಂಬುದೇ ಇಲ್ಲ. ದಿಂಬಿನ ಮೇಲೆ ಗುಲಾಬಿ, ಟಿ.ವಿ. ಹೊದಿಕೆಯ ಮೇಲೆ ಬಾತುಕೋಳಿ, ಗಂಡ ಸೋಮಣ್ಣನ ಬನಿಯನ್ನಿನ ಮೇಲೂ ಒಂದು ಬಳ್ಳಿ. ಸೂಜಿಗೆ ದಾರ ಪೋಣಿಸಿಕೊಡುವುದು ಸೋಮಣ್ಣನ ಕೆಲಸ. ಪ್ರತಿ ಸಲವೂ ಅವಳು, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ ಹೇಳುವ ಹಾಗೆ, "ದೊಡ್ಡ ಉಪಕಾರ ಆಯ್ತು" ಅನ್ನುತ್ತಾಳೆ. ಸರಪಳಿ ಹೊಲಿಗೆ, ಎಲೆ ಹೊಲಿಗೆ ಎಲ್ಲ ಕಲಿತಳು, ಬಲೆ ಕಟ್ಟುತ್ತಿದ್ದ ಕಾಲದ ಹಳೆಯ ಚಾಳಿಯೊಂದು ಮಾತ್ರ ಬಿಡಲಿಲ್ಲ. ದಾರ ಮುಗಿದಲ್ಲೆಲ್ಲ ಮೀನುಬಲೆಗೆ ಹಾಕುವ ಗಂಟನ್ನೇ ಹಾಕಿ ಹಲ್ಲಿನಿಂದ ಬಿಗಿಯುತ್ತಾಳೆ. ಹೂವು ಸೊಟ್ಟಗಾದರೆ ಬಿಚ್ಚುವ ಮಾತೇ ಇಲ್ಲ. ಬಟ್ಟೆಯ ಹಿಂಬದಿ ಮುಟ್ಟಿದರೆ ಕಾಳುಮೆಣಸು ಒಣಹಾಕಿದ ಹಾಗೆ. ಮೈಗೆ ಚುಚ್ಚುತ್ತದೆಂದು ಸೋಮಣ್ಣ ಬನಿಯನ್ನನ್ನು ತಿರುವಿ ತೊಡುತ್ತಾನೆ. ಶನಿವಾರ ಕಲಿಸಲು ಬರುವ ನಾಗಶ್ರೀ ಅಕ್ಕೋರು, "ಗಂಟು ಹಾಕೂದಲ್ಲ ಶೇವಂತಿ, ದಾರದ ತುದಿ ಹೊಲಿಗೆ ಕೆಳಗೆ ಅಡಗಸೂದು" ಎಂದು ಹೇಳಿ ಹೇಳಿ ಸೋತು, ಕೊನೆಗೊಮ್ಮೆ ತಾವೇ ಕತ್ತರಿ ಹಿಡಿದರು. ಶೇವಂತಕ್ಕ ಬಟ್ಟೆಯನ್ನು ಎದೆಗವಚಿಕೊಂಡಳು. "ಬ್ಯಾಡ ಅಕ್ಕೋರೆ. ಆ ವರ್ಷ ದೋಣಿ ಮಗುಚಿದಾಗ ಇವ್ರು ನಾ ಬೆಂಡು ಕಟ್ಟಿದ ಬಲೆ ಹಿಡ್ಕಂಡೇ ತೇಲ್ಕಂಡು ಬಂದದ್ದು. ಒಂದು ಗಂಟೂ ಬಿಚ್ಕಳ್ಳಲಿಲ್ಲ." ಅಕ್ಕೋರು ಕತ್ತರಿ ಕೆಳಗಿಟ್ಟರು. ತಿರುವಿದ ಬನಿಯನ್ನಿನಲ್ಲಿ ಕೂತಿದ್ದ ಸೋಮಣ್ಣ, ಬೆಳಕಿಗೆ ಹಿಡಿದು ಇನ್ನೊಂದು ಸೂಜಿ ಪೋಣಿಸಿ ಹೆಂಡತಿಯ ಕೈಗಿಟ್ಟ. ಅವಳು ಬಾಯಿ ತೆರೆಯುವ ಮೊದಲೇ ತಾನೇ ಮೆಲ್ಲಗೆ, "ದೊಡ್ಡ ಉಪಕಾರ ಆಯ್ತು" ಅಂದ.